ದೇವರ ಮನೆ ಮುಂದಿನ ಹಿತ್ತಾಳೆ ಲೈಟು ಒರೆಸುವಾಗ ಕೈ ಜುಮ್ ಅಂತು. ಲೈಟಿಗೂ ಅರ್ತಿಂಗ್ ಬೇಕಾ?

ಮಲ್ಲಿಗೆ_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಸರಸ್ವತಿಪುರಂನಲ್ಲಿ ಮಾವನವರು 1984ರಲ್ಲಿ ಕಟ್ಟಿಸಿದ ಮನೆ. ಹೋದ ವರ್ಷ ಬಣ್ಣ ಹೊಡೆಸಿದಾಗ ದೇವರ ಮನೆ ಬಾಗಿಲ ಮುಂದೆ ಒಂದು ಹಿತ್ತಾಳೆ ಲೈಟು ಹಾಕಿಸಿದೆವು. ತೂಗುದೀಪದ ಥರ ಸರಪಳಿಯಲ್ಲಿ ನೇತಾಡುತ್ತದೆ. ಒಳಗೆ ಎಲ್‌ಇಡಿ ಇದೆ.

ಕಳೆದ ಶುಕ್ರವಾರ ಬೆಳಿಗ್ಗೆ ಪೂಜೆಗೆ ಮುಂಚೆ ಅತ್ತೆ ಸ್ಟೀಲ್ ಸ್ಟೂಲ್ ಹತ್ತಿ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದರು. ಇದ್ದಕ್ಕಿದ್ದ ಹಾಗೆ ಕೈ ಎಳೆದುಕೊಂಡು ಕೂಗಿದರು. ಮೊಣಕೈವರೆಗೂ ಜುಮ್ ಅಂತು ಎಂದರು. ದೇವರ ದಯೆ, ಸ್ಟೂಲಿನಿಂದ ಬೀಳಲಿಲ್ಲ. ಅವರಿಗೆ 71 ವರ್ಷ. ಆಗ ಲೈಟಿನ ಸ್ವಿಚ್ ಆಫ್ ಆಗಿತ್ತು. ಇದೇ ನನಗೆ ಅರ್ಥವಾಗದ ವಿಷಯ.

ನನ್ನ ಯಜಮಾನರು ಟೆಸ್ಟರ್ ಇಟ್ಟು ನೋಡಿದರು. ಸ್ವಿಚ್ ಆಫ್ ಇದ್ದರೂ ಮಂಕಾಗಿ ಹೊತ್ತಿತು. ಮೇಲಿನ ಬಟ್ಟಲು ಬಿಚ್ಚಿದರೆ ಲೈಟಿನಿಂದ ಮೂರು ವೈರ್ ಬಂದಿವೆ. ಎರಡನ್ನು ಜೋಡಿಸಿದ್ದಾರೆ, ಹಸಿರು ವೈರನ್ನು ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ದಾರೆ. ಚಾವಣಿಯ ಪೈಪಿನಿಂದ ಬಂದಿರುವುದೇ ಕೆಂಪು, ಕಪ್ಪು ಎರಡು ವೈರ್. ಹಾಕಿದವರಿಗೆ ಫೋನ್ ಮಾಡಿದರೆ "ಲೈಟ್ ಪಾಯಿಂಟಿಗೆ ಅರ್ತ್ ಬರಲ್ಲ ಮೇಡಂ, ಫ್ರಿಜ್ಜು, ಗೀಸರ್‌ಗೆ ಮಾತ್ರ" ಎಂದರು.

ಇದು ನಿಜವಾ? ಗೋಡೆ ಒಡೆಯದೆ ಅರ್ತ್ ಕೊಡಲು ಆಗುತ್ತಾ? ಬಾತ್‌ರೂಮಿನ ಕನ್ನಡಿ ಮೇಲೆ ಒಂದು ಸ್ಟೀಲ್ ಲೈಟು, ಗೇಟಿನ ಕಂಬದ ಮೇಲೆ ಒಂದು ಕಬ್ಬಿಣದ ಲೈಟೂ ಇದೆ. ಈಗ ಅವುಗಳ ಬಗ್ಗೆಯೂ ಭಯ ಶುರುವಾಗಿದೆ. ಮನೆಯಲ್ಲಿ ಚಿಕ್ಕ ಮಗಳಿದ್ದಾಳೆ. ತಿಳಿದವರು ದಯವಿಟ್ಟು ಹೇಳಿ.

ಕುವೆಂಪುನಗರ_ನಿವಾಸಿ

ಎಲ್‌ಇಡಿ ಲೈಟಿಗೆಲ್ಲ ಟೆಸ್ಟರ್ ಸ್ವಲ್ಪ ಮಂಕಾಗಿ ಹೊತ್ತಿಯೇ ಹೊತ್ತುತ್ತದೆ ಮೇಡಂ. ಅದು ಇಂಡಕ್ಷನ್, ಪಕ್ಕದ ವೈರಿನಿಂದ ಸುಮ್ನೆ ಹತ್ತುವ ಕರೆಂಟು. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮನೆಯ ಕಬ್ಬಿಣದ ವಾಲ್ ಲೈಟಿನಲ್ಲೂ ಹೀಗೇ ಆಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಹಸಿರು ವೈರನ್ನು ಅಲ್ಲೇ ಕಪ್ಪು ವೈರಿಗೆ, ಅಂದರೆ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್‌ಗೆ ಸೇರಿಸಿದರು. ಅಲ್ಲಿಗೆ ನಿಂತುಹೋಯಿತು. ಗೋಡೆ ಒಡೆಯುವ ಕೆಲಸವೇ ಇಲ್ಲ.

ಮಂಡ್ಯ_ವೈರಿಂಗ್

ಮೇಡಂ, ಮೊದಲು ಆ ಲೈಟಿನ ಎಂಸಿಬಿ (ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ. ಹಳೇ ಫ್ಯೂಸ್ ಕಟ್ಟೆಯೇ ಇದ್ದರೆ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಮೇನ್ ಇಳಿಸಿದರೂ ಅದು ಲೈಟಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕಡೆಯಿಂದ ಯಾರಾದರೂ ಬಂದು ನೋಡುವವರೆಗೆ ಆ ಲೈಟು ಯಾರೂ ಮುಟ್ಟಬಾರದು.

ಕುವೆಂಪುನಗರದ ಸರ್, ನಿಮಗೂ ಒಂದು ಮಾತು. ನಿಮ್ಮ ಮನೆಯ ಆ ಜೋಡಣೆಯನ್ನು ಇವತ್ತೇ ಬಿಡಿಸಿ. ನ್ಯೂಟ್ರಲ್ ವೈರು ಎಲ್ಲಾದರೂ ಕಡಿದರೆ, ಅಥವಾ ಜಾಯಿಂಟ್ ಸಡಿಲವಾದರೆ, ಕೆಂಪು ವೈರಿನಲ್ಲಿ ಬರುವ ಫೇಸ್ ಕರೆಂಟು ಬಲ್ಬಿನ ಮೂಲಕ ಹಾದು ಆ ಕಪ್ಪು ವೈರಿಗೆ ಬರುತ್ತದೆ. ಕಪ್ಪು ವೈರಿಗೆ ಲೈಟಿನ ಲೋಹದ ಮೈಯನ್ನೇ ಕಟ್ಟಿದ್ದೀರಿ. ಆಗ 230 ವೋಲ್ಟ್ ನೇರವಾಗಿ ಮೈ ಮೇಲೆ. ಮಳೆಗಾಲದ ಗಾಳಿಗೆ ನ್ಯೂಟ್ರಲ್ ಲೂಸ್ ಆಗುವುದು ಅಪರೂಪದ ಸಂಗತಿಯಲ್ಲ. ಲೈಟು ಹತ್ತುವುದಿಲ್ಲ, ಬಲ್ಬು ಹೋಗಿರಬೇಕು ಎಂದು ಯಾರೋ ಕೈ ಹಾಕುತ್ತಾರೆ. ಪ್ರಾಣ ಹೋಗುವುದು ಅಂಥ ಹೊತ್ತಿನಲ್ಲೇ.

ಮೇಡಂ ಮನೆಯಲ್ಲಿ ಹೀಗೆ ಮಾಡಿದರೆ ಇನ್ನೂ ಅಪಾಯ. ಸ್ವಿಚ್ ಆಫ್ ಇದ್ದಾಗಲೂ ಜುಮ್ ಅಂದಿದೆ ಅಂದರೆ, ಆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಹಾಕಿರಬಹುದು ಎಂದು ನನ್ನ ಅನುಮಾನ. ಹಳೇ ಮನೆಗಳಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಲೈಟು ಆರುತ್ತದೆ, ಆದರೆ ಫೇಸ್ ಲೈಟಿನ ಒಳಗೆ ಬಂದು ನಿಂತಿರುತ್ತದೆ. ಇಂಥ ಕಡೆ ಹಸಿರು ವೈರನ್ನು ಅಲ್ಲೇ ಕಪ್ಪಿಗೆ ಸೇರಿಸಿದರೆ, ಸ್ವಿಚ್ ಆಫ್ ಮಾಡಿದ ಕೂಡಲೇ ಹಿತ್ತಾಳೆಗೆ ಕರೆಂಟು ಹತ್ತುತ್ತದೆ. ಆಫ್ ಮಾಡಿದ್ದೇವೆ ಎಂಬ ಧೈರ್ಯದಲ್ಲಿ ಒರೆಸಲು ಹೋಗುವವರ ಗತಿ ಯೋಚಿಸಿ.

ಟೆಸ್ಟರ್ ಮಂಕಾಗಿ ಹೊತ್ತಿದ್ದಕ್ಕೆ ಎರಡು ಕಾರಣ ಇರಬಹುದು. ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಡ್ರೈವರ್ ಒಳಗಿನ ಕೆಪಾಸಿಟರ್ ಎಂಬ ಬಿಡಿಭಾಗಗಳಿಂದ ಲೋಹದ ಮೈಗೆ ಒಂಚೂರು ಕರೆಂಟು ಸೋರುತ್ತದೆ. ಅರ್ತ್ ಇದ್ದರೆ ಅದು ಗೊತ್ತೇ ಆಗದೆ ಮಣ್ಣಿಗೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ನಮ್ಮ ಕೈ ಹುಡುಕಿಕೊಂಡು ಬರುತ್ತದೆ. ಇನ್ನೊಂದು, ಒಳಗೆಲ್ಲೋ ವೈರಿನ ಸಿಪ್ಪೆ ಸುಲಿದು ತಾಮ್ರ ಹಿತ್ತಾಳೆಗೆ ತಾಗುತ್ತಿರಬಹುದು, ಅಥವಾ ತಾಗುವ ಹಂತದಲ್ಲಿರಬಹುದು. ಟೆಸ್ಟರ್ ಎರಡಕ್ಕೂ ಹೊತ್ತುತ್ತದೆ. ಯಾವುದು ಸಣ್ಣದು, ಯಾವುದು ಕೊಲ್ಲುವಂಥದ್ದು ಎಂದು ಅದು ಹೇಳುವುದಿಲ್ಲ. ಅದಕ್ಕೇ ಟೆಸ್ಟರ್ ನೋಡಿ "ಇಂಡಕ್ಷನ್ ಬಿಡಿ" ಎನ್ನುವವರ ಮಾತು ನಂಬಬೇಡಿ. ವೈರಿನ ಸಿಪ್ಪೆ ಗಟ್ಟಿ ಇದೆಯಾ ಎಂದು ಅಳೆಯುವ ಮೆಗ್ಗರ್ ಹಾಕಿ ನೋಡಬೇಕು.

ಇನ್ನು ಲೈಟಿಗೆ ಅರ್ತ್ ಬರಲ್ಲ ಎಂಬ ಮಾತು. ಅವರು ಸುಳ್ಳು ಹೇಳಿದರು ಎನ್ನುವುದಿಲ್ಲ, ಆ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ನಿಜವಾಗಿಯೂ ಬಂದಿರುವುದಿಲ್ಲ. ಆಗ ಲೈಟು ಅಂದರೆ ಕರಿ ಬೇಕಲೈಟ್ ಹೋಲ್ಡರ್. ಕೈಗೆ ಸಿಗುವ ಲೋಹವೇ ಇರಲಿಲ್ಲ. ಎರಡು ವೈರ್ ಸಾಕಾಗುತ್ತಿತ್ತು. ಮನೆ ಹಾಗೇ ಇದೆ, ಲೈಟು ಬದಲಾಗಿದೆ. ಹಿತ್ತಾಳೆ ಬಂತು, ಸ್ಟೀಲ್ ಬಂತು, ಸರಪಳಿ ಬಂತು. ಅದಕ್ಕೆ ತಕ್ಕ ಮೂರನೇ ವೈರ್ ಮಾತ್ರ ಬರಲಿಲ್ಲ. ಲೈಟು ಮಾಡಿದವರು ಹಸಿರು ವೈರ್ ಕೊಟ್ಟಿದ್ದಾರೆ ಅಂದರೆ ಅದು ಅರ್ತ್‌ಗೆ ಹೋಗಲೇಬೇಕು. ಕತ್ತರಿಸಿ ಟೇಪ್ ಸುತ್ತುವುದಕ್ಕೆ ಅಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜಿಲ್ಲೆ ನಮ್ಮದು. ಇವತ್ತಿಗೂ ಇಲ್ಲಿನ ಮನೆಗಳಲ್ಲಿ ಆ ಟೇಪ್ ಸುತ್ತಿದ ಹಸಿರು ತುದಿ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತೂಗು ಲೈಟಿನಲ್ಲಿ ನಾನು ಮೊದಲು ನೋಡುವ ಜಾಗ ಮೇಲಿನ ಬಟ್ಟಲಿನ ತೂತು. ವೈರ್ ಒಳಗೆ ಹೋಗುವ ಕಡೆ ಅಂಚು ಬ್ಲೇಡಿನಂತೆ ಇರುತ್ತದೆ. ಅಲ್ಲಿ ರಬ್ಬರ್ ಬುಷ್ ಇರಬೇಕು. ಬುಷ್ ಇಲ್ಲದಿದ್ದರೆ ಪ್ರತಿ ಸಲ ಒರೆಸುವಾಗ ಲೈಟು ಅಲ್ಲಾಡಿ ವೈರಿನ ಸಿಪ್ಪೆ ಸವೆಯುತ್ತದೆ. ಲೈಟಿನ ಭಾರ ಸರಪಳಿ ಮೇಲೆ ಇರಬೇಕು, ವೈರಿನ ಮೇಲೆ ಬೀಳಬಾರದು. ಮುಂಚೆ ಅದೇ ಲೈಟಿಗೆ ದೊಡ್ಡ ಫಿಲಮೆಂಟ್ ಬಲ್ಬು ಹಾಕಿದ್ದರೆ ಕಾವಿಗೆ ಒಳಗಿನ ವೈರ್ ಒಣಗಿ ಪುಡಿಪುಡಿ ಆಗಿರುತ್ತದೆ.

ಗೋಡೆ ಒಡೆಯದೆ ಆಗುತ್ತಾ ಎಂದು ಕೇಳಿದ್ದೀರಿ. ಬಹಳ ಸಲ ಆಗುತ್ತದೆ. ಪೈಪು ಕಟ್ಟಿಕೊಂಡಿರದಿದ್ದರೆ ಅದೇ ಪೈಪಿನಲ್ಲಿ ವೈರ್ ಎಳೆಯುವ ಸ್ಪ್ರಿಂಗ್ ತೂರಿಸಿ ಒಂದೂವರೆ ಸ್ಕ್ವೇರ್ ಎಂಎಂ ಹಸಿರು ತಾಮ್ರದ ವೈರ್ ಎಳೆಯಬಹುದು. ಪೈಪು ಕಟ್ಟಿದ್ದರೆ ಗೋಡೆ ಮೂಲೆಯಲ್ಲಿ ಸಣ್ಣ ಕೇಸಿಂಗ್ ಪಟ್ಟಿ ಹೊಡೆದು ತರಬಹುದು. ಸ್ವಲ್ಪ ಕಾಣುತ್ತದೆ, ಕಾಣಲಿ. ಆ ವೈರ್ ಸ್ವಿಚ್ ಬೋರ್ಡಿನ ಅರ್ತ್ ಮೂಲಕ ಮೇನ್ ಬೋರ್ಡಿನ ಅರ್ತ್ ಪಟ್ಟಿಗೆ ಸೇರಬೇಕು. ಚಾವಣಿಯ ಕೊಕ್ಕೆಗೆ, ಸ್ಲ್ಯಾಬಿನ ಕಂಬಿಗೆ, ನೀರಿನ ಪೈಪಿಗೆ ಕಟ್ಟಬಾರದು. ನೀರಿನ ಪೈಪು ನಡುವೆ ಎಲ್ಲಾದರೂ ಪಿವಿಸಿ ತುಂಡು ಹಾಕಿದ್ದರೆ ಅರ್ತ್ ಅಲ್ಲಿಗೇ ಕಡಿದ ಹಾಗೆ.

ಹಿತ್ತಾಳೆಗೆ ಹೊಳಪಿನ ಲ್ಯಾಕರ್ ಬಳಿದಿರುತ್ತಾರೆ. ಅದು ಕರೆಂಟು ಹಾಯಲು ಬಿಡುವುದಿಲ್ಲ. ಅದನ್ನು ಕೆರೆದು, ವೈರಿನ ತುದಿಗೆ ರಿಂಗ್ ಲಗ್ ಹಾಕಿ, ಸ್ಟಾರ್ ವಾಷರ್ ಜೊತೆ ಬಿಗಿ ಮಾಡಬೇಕು. ಬಟ್ಟಲಿಗೆ ಅರ್ತ್ ಕೊಟ್ಟು ಸರಪಳಿಯ ಮೂಲಕ ಕೆಳಗಿನ ದೀಪಕ್ಕೂ ಹೋಗುತ್ತದೆ ಎಂದುಕೊಳ್ಳಬೇಡಿ. ಸರಪಳಿ ನಂಬುವಂಥದ್ದಲ್ಲ. ಬಟ್ಟಲಿಗೂ ಕೆಳಗಿನ ದೀಪಕ್ಕೂ ಹಸಿರು ವೈರ್ ಸೇರಬೇಕು.

ಕೊನೆಗೆ ಅರ್ತ್ ಗುಂಡಿ, ಅಂದರೆ ಅರ್ತ್ ವೈರ್ ಮಣ್ಣಿಗೆ ಸೇರುವ ಗುಂಡಿ, ಎಲ್ಲಿದೆ ಎಂದು ಮಾವನವರನ್ನು ಕೇಳಿ. ಕಾರು ನಿಲ್ಲಿಸಲು ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಗುಂಡಿ ಅದರ ಅಡಿಗೆ ಹೋಗಿರುವ ಮನೆಗಳು ಬೇಕಾದಷ್ಟಿವೆ. ವಿದ್ಯಾನಗರದ ಒಂದು ಮನೆಯಲ್ಲಿ ಮನೆ ತುಂಬ ಹಸಿರು ವೈರ್ ಇತ್ತು. ಗುಂಡಿಯ ಹತ್ತಿರ ನಟ್ಟು ತುಕ್ಕು ತಿಂದು ವೈರ್ ಸುಮ್ನೆ ಪಕ್ಕದಲ್ಲಿ ಬಿದ್ದಿತ್ತು.

ಹೆಬ್ಬಾಳ_ಮೇಂಟೆನೆನ್ಸ್

ಮಂಡ್ಯದ ಅಣ್ಣ ಹೇಳಿದ್ದೆಲ್ಲ ಸರಿ. ಒಂದು ಲೆಕ್ಕ ಸೇರಿಸುತ್ತೇನೆ. ಅರ್ತ್ ಕೊಟ್ಟರೆ ಮುಗಿಯಿತು, ಎಂಸಿಬಿ ಬೀಳುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಯಾವಾಗಲೂ ಹಾಗಾಗುವುದಿಲ್ಲ.

ನಿಮ್ಮ ಗುಂಡಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, 10 ಓಮ್ ಎಂದಿಟ್ಟುಕೊಳ್ಳಿ. ಮೈಸೂರಿನ ಕೆಂಪು ಗರಸು ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಇದಕ್ಕಿಂತ ಜಾಸ್ತಿಯೂ ಆಗಬಹುದು. ಫೇಸ್ ವೈರ್ ಹಿತ್ತಾಳೆಗೆ ತಾಗಿದರೆ ಹರಿಯುವ ಕರೆಂಟು 230ನ್ನು 10ರಿಂದ ಭಾಗಿಸಿದಷ್ಟು, ಹೆಚ್ಚೆಂದರೆ 23 ಆಂಪಿಯರ್. 10 ಆಂಪಿಯರ್‌ನ ಸಿ ಟೈಪ್ ಎಂಸಿಬಿ ತಕ್ಷಣ ಬೀಳಬೇಕಾದರೆ 50ರಿಂದ 100 ಆಂಪಿಯರ್ ಬೇಕು. 23ಕ್ಕೆ ಅದು ನಿಧಾನವಾಗಿ ಕಾದು ಬೀಳುತ್ತದೆ. ಅಷ್ಟು ಹೊತ್ತೂ ಲೈಟಿನ ಮೈ ಮೇಲೆ ಅಪಾಯದ ವೋಲ್ಟೇಜ್ ಇದ್ದೇ ಇರುತ್ತದೆ.

ಮನುಷ್ಯನ ಮೈಯ ಲೆಕ್ಕವೂ ನೋಡಿ. ಒದ್ದೆ ಕೈ, ಒದ್ದೆ ಕಾಲು ಅಂದರೆ ಸುಮಾರು 1000 ಓಮ್. 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯುತ್ತದೆ. 10 ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಸ್ನಾಯು ಬಿಗಿದು ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಎಂಸಿಬಿಗೆ ಈ 230 ಮಿಲಿ ಆಂಪಿಯರ್ ಒಂದು ಸಣ್ಣ ಬಲ್ಬಿನ ಲೋಡು ಅಷ್ಟೇ. ಅದು ಬೀಳುವುದೇ ಇಲ್ಲ.

ಅದಕ್ಕೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರದೆ ಅಷ್ಟು ಸೋರಿದರೆ ಅದು ಕಡಿಯುತ್ತದೆ. ಸೋರಿಕೆ 150 ಮಿಲಿ ಆಂಪಿಯರ್ ದಾಟಿದರೆ 40 ಮಿಲಿ ಸೆಕೆಂಡಿನೊಳಗೆ ಕಡಿಯಬೇಕು. ಅಂಗಡಿಯಲ್ಲಿ 100 ಮತ್ತು 300 ಮಿಲಿ ಆಂಪಿಯರ್‌ನವೂ ಸಿಗುತ್ತವೆ. ಅವು ಬೆಂಕಿ ತಡೆಯಲು, ಮನುಷ್ಯರನ್ನು ಉಳಿಸಲು ಅಲ್ಲ. ಬಾಕ್ಸಿನ ಮೇಲೆ 30 ಎಂದು ಇರುವುದನ್ನು ನೋಡಿಯೇ ತನ್ನಿ.

ಆರ್‌ಸಿಸಿಬಿ ಇದ್ದರೆ ಅರ್ತ್ ಬೇಡವಾ ಎಂದು ಕೇಳಬಹುದು. ಅರ್ತ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಆದರೆ ಆಗ ಸೋರಿಕೆ ಹರಿಯಲು ಯಾರದಾದರೂ ಮೈಯೇ ಬೇಕು. ಅಂದರೆ ಶಾಕ್ ಹೊಡೆದ ಮೇಲೆ ಬೀಳುತ್ತದೆ. ಅರ್ತ್ ಇದ್ದರೆ ವೈರ್ ತಾಗಿದ ಕ್ಷಣವೇ ಬೀಳುತ್ತದೆ, ಯಾರೂ ಮುಟ್ಟುವ ಮೊದಲೇ. ಎರಡೂ ಬೇಕು.

ಮಲ್ಲಿಗೆ_ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೈಸೆನ್ಸ್ ಇರುವವರನ್ನೇ ಕರೆಸಿದೆವು. ಮಂಡ್ಯದ ಅಣ್ಣ, ನೀವು ಹೇಳಿದ್ದು ಸರಿಯಾಗಿತ್ತು. ಸ್ವಿಚ್ ನ್ಯೂಟ್ರಲ್‌ನಲ್ಲೇ ಇತ್ತು. ಆ ಬೋರ್ಡಿನಲ್ಲಿ ಇನ್ನೂ ಎರಡು ಸ್ವಿಚ್ ಹಾಗೇ ಇದ್ದವು. ಎಲ್ಲ ಬದಲಾಯಿಸಿದರು.

ಲೈಟಿನ ಮೈ ಮೇಲೆ ಮೀಟರ್ ಸುಮಾರು 105 ವೋಲ್ಟ್ ತೋರಿಸಿತು. ಅವರು ಟೆಸ್ಟ್ ಬಲ್ಬ್ ಕೊಟ್ಟ ಕೂಡಲೇ ವೋಲ್ಟೇಜ್ ಇಳಿದುಹೋಯಿತು, ಬಲ್ಬ್ ಹೊತ್ತಲಿಲ್ಲ. ಡ್ರೈವರ್‌ನ ಸೋರಿಕೆ ಎಂದರು. ನಮಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಬಟ್ಟಲು ಪೂರ್ತಿ ಇಳಿಸಿದಾಗ ತೂತಿನ ಅಂಚಿನಲ್ಲಿ ಕೆಂಪು ವೈರಿನ ಸಿಪ್ಪೆ ಸವೆದು ತಾಮ್ರ ಕಾಣುವಷ್ಟಾಗಿತ್ತು. ಬುಷ್ ಇರಲಿಲ್ಲ. ಅದನ್ನು ನೋಡಿ ಅತ್ತೆ ಅಲ್ಲೇ ಕೂತುಬಿಟ್ಟರು.

ಅರ್ತ್ ಗುಂಡಿ ತೆಂಗಿನ ಮರದ ಪಕ್ಕ ಇತ್ತು ಎಂದು ಮಾವ ನೆನಪು ಮಾಡಿಕೊಂಡರು. ಈಗ ಅಲ್ಲಿ ಟೈಲ್ಸ್ ಇದೆ. ಒಂದು ಟೈಲ್ ತೆಗೆಸಿ ನೋಡಿದರೆ ಪೈಪಿನ ತಲೆ ತುಕ್ಕು ಹಿಡಿದು ಉದುರುತ್ತಿತ್ತು. ಬೇರೆ ಗುಂಡಿ ತೆಗೆಸಿ ಹೊಸ ಪೈಪು ಹಾಕಿಸಿದೆವು, ಮೇಲೆ ಮುಚ್ಚಳ ಇಟ್ಟಿದ್ದಾರೆ. ದೇವರ ಮನೆ ಲೈಟಿಗೆ ಹಳೇ ಪೈಪಿನಲ್ಲೇ ಹಸಿರು ವೈರ್ ಬಂತು. ಮೇನ್‌ನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಕೂರಿಸಿದರು.

ಈಗ ಎರಡು ತೊಂದರೆ ಉಳಿದಿವೆ. ಬಾತ್‌ರೂಮ್ ಲೈಟಿನ ಪೈಪು ಕಟ್ಟಿಕೊಂಡಿದೆ, ವೈರ್ ಹೋಗುತ್ತಿಲ್ಲ. ಇನ್ನೊಂದು, ಮಹಡಿ ಮೇಲಿನ ರೂಮಿನ ಲೈಟು ಹಾಕಿದರೆ ಆರ್‌ಸಿಸಿಬಿ ಬೀಳುತ್ತದೆ. ಯಜಮಾನರು ಅದನ್ನು ತೆಗೆಸಿಬಿಡೋಣ ಎನ್ನುತ್ತಿದ್ದಾರೆ. ಲೈಟುಗಳೆಲ್ಲ ಇನ್ವರ್ಟರ್ ಮೇಲಿವೆ. ಅದರಿಂದ ಏನಾದರೂ ಆಗಿರಬಹುದಾ?

ಮಂಡ್ಯ_ವೈರಿಂಗ್

ಮೇಡಂ, ಆರ್‌ಸಿಸಿಬಿ ಮಾತ್ರ ತೆಗೆಸಬೇಡಿ ಎಂದು ಯಜಮಾನರಿಗೆ ಹೇಳಿ. ಅದು ಬೀಳುತ್ತಿದೆ ಅಂದರೆ ಏನೋ ಒಂದು ತೋರಿಸುತ್ತಿದೆ. ಹಳೇ ಮನೆಗೆ ಆಮೇಲೆ ಇನ್ವರ್ಟರ್ ಹಾಕಿಸಿದ ಕಡೆ ಇದು ಮಾಮೂಲು. ಮಹಡಿ ಲೈಟಿನ ಫೇಸ್ ಒಂದು ಕಡೆಯಿಂದ ಬಂದಿರುತ್ತದೆ, ನ್ಯೂಟ್ರಲ್ ಇನ್ನೊಂದು ಲೈನಿನಲ್ಲಿ ವಾಪಸ್ ಹೋಗುತ್ತಿರುತ್ತದೆ. ಕೆಳಗಿನ ಆರ್‌ಸಿಸಿಬಿಗೆ ಹೋದದ್ದು, ಬಂದದ್ದು ತಾಳೆಯಾಗುವುದಿಲ್ಲ. ಎಲ್ಲಾದರೂ ನ್ಯೂಟ್ರಲ್, ಅರ್ತ್‌ಗೆ ತಾಗಿದ್ದರೂ ಹೀಗೇ ಬೀಳುತ್ತದೆ. ಪ್ಲಗ್ ಪಾಯಿಂಟಿನ ಹಿಂದೆ ಯಾರಾದರೂ ಎರಡನ್ನೂ ಸೇರಿಸಿರಬಹುದು, ಪ್ರತಿ ಬೋರ್ಡೂ ಬಿಚ್ಚಿ ನೋಡಿಸಿ. ಮೇನ್ ಇಳಿಸಿ, ಮನೆ ಕಡೆಯ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಕಂಟಿನ್ಯುಟಿ (ಒಂದಕ್ಕೊಂದು ಸಂಪರ್ಕ) ನೋಡಿದರೆ ಗೊತ್ತಾಗುತ್ತದೆ, ಇರಬಾರದು.

ಇನ್ವರ್ಟರ್ ವಿಷಯ ತುಂಬಾ ಮುಖ್ಯ. ಕರೆಂಟು ಹೋದಾಗ ನಿಮ್ಮ ಲೈಟಿಗೆ ಕರೆಂಟು ಬರುವುದು ಬ್ಯಾಟರಿಯಿಂದ. ಆ ಕರೆಂಟು ಮೇನ್‌ನಲ್ಲಿರುವ ಆರ್‌ಸಿಸಿಬಿಯನ್ನು ದಾಟಿ ಬರುವುದೇ ಇಲ್ಲ. ಆಗ ಸೋರಿದರೆ ಅದು ಕಡಿಯುವುದಿಲ್ಲ. ಅದಕ್ಕೇ ಇನ್ವರ್ಟರ್ ಔಟ್‌ಪುಟ್‌ಗೆ ಬೇರೆ ಒಂದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಆ ಲೈನುಗಳ ನ್ಯೂಟ್ರಲ್ಲೂ ಬೇರೆ ಇರಲಿ. ಇನ್ವರ್ಟರ್ ಮಾದರಿಗೆ ತಕ್ಕಂತೆ ಜೋಡಣೆ ಬದಲಾಗುತ್ತದೆ, ಅದರ ಪುಸ್ತಕ ನೋಡಿಯೇ ಮಾಡಲಿ. ಕೆಲಸ ಮುಗಿದ ಮೇಲೆ ಬ್ಯಾಟರಿ ಮೇಲೆ ಓಡುವಾಗಲೂ ಮೀಟರ್ ಹಾಕಿ ಟೆಸ್ಟ್ ಮಾಡಿಸಿ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತುತ್ತಿರಿ. ಆದರೆ ಬಟನ್ ಒತ್ತಿದಾಗ ಬಿದ್ದರೆ ಅದರ ಒಳಗಿನ ಯಂತ್ರ ಸರಿ ಇದೆ ಎಂದು ಮಾತ್ರ ಅರ್ಥ. ಗುಂಡಿ ಸರಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಬಾತ್‌ರೂಮಿಗೆ ಟೈಲ್ಸ್ ಒಡೆಯಬೇಡಿ, ಲೈಟನ್ನೇ ಬದಲಾಯಿಸಿ. ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುವ ಲೈಟು ಕೇಳಿ. ಅದಕ್ಕೆ ಎರಡು ಪದರ ಇನ್ಸುಲೇಷನ್ ಇರುತ್ತದೆ, ಅರ್ತ್ ಬೇಡ. ಹಬೆ ಇರುವ ಜಾಗ, ಹಾಗಾಗಿ ನೀರು ಎರಚಿದರೂ ತಡೆಯುವ ಐಪಿ 44 ಅಥವಾ ಅದಕ್ಕಿಂತ ಮೇಲಿನದು ನೋಡಿ. ಶಿವರಾಂಪೇಟೆ ಕಡೆ ಹೋದರೆ ಸಿಗುತ್ತದೆ. ಆ ಸ್ಟೀಲ್ ಲೈಟನ್ನು ತೆಗೆದು ಹಾಲ್‌ನಲ್ಲಿ ಹಸಿರು ವೈರ್ ಬಂದಿರುವ ಪಾಯಿಂಟಿಗೆ ಹಾಕಿಕೊಳ್ಳಬಹುದು.

ಗೇಟಿನ ಲೈಟು ನೀವು ಕೊನೆಗೆ ಇಟ್ಟುಕೊಂಡ ಹಾಗಿದೆ, ಅದನ್ನು ಮೊದಲು ಮಾಡಿಸಿ. ಮಳೆಯಲ್ಲಿ ನೆನೆಯುವುದು ಅದು, ಬರಿಗಾಲಲ್ಲಿ ನಿಂತು ಮಕ್ಕಳು ಹಿಡಿಯುವುದು ಆ ಗೇಟು. ಕಂಬದೊಳಗೆ ನೀರು ಇಳಿದಿದೆಯಾ, ರಬ್ಬರ್ ಗ್ಯಾಸ್ಕೆಟ್ ಸರಿ ಇದೆಯಾ ನೋಡಿಸಿ. ನೆಲದಡಿ ಹೋಗಿರುವ ವೈರಿಗೆ ಮೆಗ್ಗರ್ ಹಾಕಿಸಿ. ಕೆಲಸ ಆಗುವವರೆಗೆ ಆ ಲೈನಿನ ಎಂಸಿಬಿ ಇಳಿಸಿಯೇ ಇರಲಿ.